ನಾಲ್ಕು ಸಾಲಿಗೆ ಇಷ್ಟು ಪಿರಿಯಡ್ ಯಾಕೆ? ಶಾಂಘೈನ ಒಂದು ಕವಿತೆ ಪಾಠದ ಪ್ರಕರಣ

ಚಿಕ್ಕ ಕವಿತೆ ಕಲಿಸುವುದು ಸುಲಭ ಅಂತ ಹೊರಗಿನವರಿಗೆ ಅನ್ನಿಸುತ್ತದೆ. ಓದಲು ಅರ್ಧ ನಿಮಿಷ ಸಾಕು. ಕಷ್ಟದ ಪದಗಳೂ ಇರುವುದಿಲ್ಲ. ಆದರೆ ಕ್ಲಾಸಿನಲ್ಲಿ ನಿಂತವರಿಗೆ ಗೊತ್ತು, ತೊಂದರೆ ಶುರುವಾಗುವುದೇ ಅಲ್ಲಿ. ಮಕ್ಕಳು ಒಂದು ಸಲ ಓದುತ್ತಾರೆ, ಒಂದು ವಾಕ್ಯದಲ್ಲಿ ಅರ್ಥ ಹೇಳಿ ಮುಗಿಸುತ್ತಾರೆ, ಮುಂದೇನು ಅಂತ ಮುಖ ನೋಡುತ್ತಾರೆ. ಹೀಗೆ ಮುಚ್ಚಿಹೋದ ಕವಿತೆಯನ್ನು ಮತ್ತೆ ತೆರೆಯುವುದು ಹೇಗೆ? ಆಧುನಿಕ ಚೀನೀ ಕವಿತೆಗಳನ್ನು ಒಂಬತ್ತನೇ ಕ್ಲಾಸಿಗೆ ಕಲಿಸುವಾಗ ನಮಗೆ ಎದುರಾದದ್ದು ಇದೇ ಪ್ರಶ್ನೆ. ಏನು ಮಾಡಿದೆವು, ಏನಾಯಿತು ಅಂತ ಇಲ್ಲಿ ಬರೆದಿದ್ದೇನೆ. ಬೇರೆ ಊರಿನಲ್ಲಿ, ಬೇರೆ ಭಾಷೆಯಲ್ಲಿ ಕವಿತೆ ಕಲಿಸುವ ಕನ್ನಡದ ಮೇಷ್ಟ್ರುಗಳಿಗೂ ಇದು ಕೆಲಸಕ್ಕೆ ಬರಬಹುದು.

ನಾನು ಕಲಿಸುವುದು ಶಾಂಘೈನ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ, ಇಂಗ್ಲಿಷ್ ಸಾಹಿತ್ಯ. ಚೀನಾದಲ್ಲಿ ಇಂಥ ಶಾಲೆಗಳಿಗೆ ಸಾಮಾನ್ಯವಾಗಿ ವಿದೇಶಿ ಪಾಸ್‌ಪೋರ್ಟ್ ಇರುವ ಮಕ್ಕಳನ್ನೇ ಸೇರಿಸಿಕೊಳ್ಳುತ್ತಾರೆ. ಹಾಗಂತ ಎಲ್ಲರೂ ಪರದೇಶಿಗಳಲ್ಲ. ಕ್ಲಾಸಿನ ಸುಮಾರು ಅರ್ಧ ಮಕ್ಕಳ ಮನೆಮಾತು ಚೀನೀ. ಪಾಸ್‌ಪೋರ್ಟ್ ಅಮೆರಿಕದ್ದೋ ಕೆನಡಾದ್ದೋ ಆಗಿದ್ದರೂ ಅಜ್ಜಿ ತಾತ ಇದೇ ಊರಿನವರು. ಉಳಿದವರಲ್ಲಿ ಕೊರಿಯಾದವರು, ಜರ್ಮನಿಯವರು, ನಮ್ಮ ಭಾರತದವರು ಇದ್ದಾರೆ. ಅನುವಾದದಲ್ಲಿ ಸಾಹಿತ್ಯ ಓದುವುದು ನಮ್ಮ ಸಿಲಬಸ್‌ನ ಭಾಗ. ಈ ಪಾಠವನ್ನು ನಾನು ಒಬ್ಬಳೇ ಮಾಡಲಿಲ್ಲ. ಚೀನೀ ಭಾಷೆ ಕಲಿಸುವ ಹಿರಿಯ ಸಹೋದ್ಯೋಗಿಯೊಬ್ಬರು ಜೊತೆಗಿದ್ದರು. ಅಲ್ಲಿ ಟೀಚರುಗಳನ್ನು ಎಲ್ಲರೂ ‘ಲಾವೋಶಿ’ ಅನ್ನುತ್ತಾರೆ. ಇಲ್ಲೂ ಅವರನ್ನು ಹಾಗೇ ಕರೆಯುತ್ತೇನೆ.

ತೊಂದರೆ ಶುರುವಾದದ್ದು

ಮೊದಲು ಓದಲು ಕೊಟ್ಟದ್ದು ಗು ಚೆಂಗ್ ಬರೆದ ‘ಒಂದು ಪೀಳಿಗೆ’. ಬರೇ ಎರಡು ಸಾಲು. ಕತ್ತಲ ರಾತ್ರಿ ನನಗೆ ಕಪ್ಪು ಕಣ್ಣು ಕೊಟ್ಟಿತು, ನಾನು ಮಾತ್ರ ಅದೇ ಕಣ್ಣಿನಿಂದ ಬೆಳಕನ್ನು ಹುಡುಕುತ್ತೇನೆ ಎನ್ನುವುದು ಅದರ ಭಾವ. ಬರೆದದ್ದು 1979ರಲ್ಲಿ. ಚೀನಾದಲ್ಲಿ ಇದನ್ನು ಕೇಳದ ಓದುಗರೇ ಕಡಿಮೆ.

ಓದಿ ಮುಗಿಸುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗನೊಬ್ಬ ಹೇಳಿದ: "ಕತ್ತಲೆ ಅಂದರೆ ಸಾಂಸ್ಕೃತಿಕ ಕ್ರಾಂತಿ. ಬೆಳಕು ಅಂದರೆ ಭರವಸೆ." ಅವನ ಮಾತು ತಪ್ಪಲ್ಲ. ಮಾವೋ ಶುರು ಮಾಡಿದ, ಎಷ್ಟೋ ಜನರ ಬದುಕನ್ನು ಹಾಳುಮಾಡಿದ ಆ ರಾಜಕೀಯ ಆಂದೋಲನ ನಡೆದದ್ದು 1966ರಿಂದ 1976ರವರೆಗೆ. ಗು ಚೆಂಗ್ ಹುಟ್ಟಿದ್ದು 1956ರಲ್ಲಿ. ಅಂದರೆ ಹತ್ತರಿಂದ ಇಪ್ಪತ್ತರ ತನಕದ ವಯಸ್ಸು ಪೂರ್ತಿ ಅದರಲ್ಲೇ ಕಳೆದಿತ್ತು. ಅಪ್ಪ ಕೂಡ ಕವಿ. 1969ರಲ್ಲಿ ಇಡೀ ಮನೆಯವರನ್ನು ಬೀಜಿಂಗ್‌ನಿಂದ ಶಾನ್‌ದೋಂಗ್ ಪ್ರಾಂತ್ಯದ ಹಳ್ಳಿಗೆ ಕಳಿಸಿದರು. ಅಲ್ಲಿ ಹಂದಿ ಸಾಕುತ್ತಾ ಬೆಳೆದ ಹುಡುಗ ಮುಂದೆ ಬರೆದ ಸಾಲುಗಳಿವು.

ಉತ್ತರ ಸರಿ. ಆದರೆ ಆ ಉತ್ತರ ಬಂದ ಮೇಲೆ ಕ್ಲಾಸಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಚೀನೀ ಬಲ್ಲ ಮಕ್ಕಳಿಗೆ ಹೇಳಲು ಇನ್ನೇನೂ ಉಳಿದಿರಲಿಲ್ಲ. ಚೀನೀ ಬಾರದ ಮಕ್ಕಳಿಗೆ ಇದು ತಮ್ಮದಲ್ಲದ ಮನೆಯ ವಿಷಯ ಅನ್ನಿಸಿತು. ಹಿನ್ನೆಲೆ ಗೊತ್ತಿದ್ದವರಿಗೂ ಕವಿತೆ ಸಿಗಲಿಲ್ಲ, ಗೊತ್ತಿಲ್ಲದವರಿಗೂ ಸಿಗಲಿಲ್ಲ. ಆ ಎರಡು ಸಾಲಿನ ವಿಚಿತ್ರವನ್ನು ಯಾರೂ ನೋಡಲೇ ಇಲ್ಲ. ಕಣ್ಣು ಕೊಟ್ಟದ್ದು ಕತ್ತಲೆಯೇ ಅಲ್ವಾ? ಹಾಗಾದರೆ ಕತ್ತಲೆ ಬರೇ ಕೆಟ್ಟದ್ದೇ?

ಅವತ್ತು ಸಂಜೆ ಲಾವೋಶಿ ಜೊತೆ ಕೂತು ಮಾತಾಡಿದೆ. ಸರ್ಕಾರಿ ಶಾಲೆಗಳಲ್ಲಿ ಕವಿತೆ ಪಾಠದ ಕ್ರಮ ಹೇಗೆ ಅಂತ ಅವರು ವಿವರಿಸಿದರು. ಮೊದಲು ಕವಿ ಪರಿಚಯ, ಆಮೇಲೆ ಬರೆದ ಕಾಲದ ಹಿನ್ನೆಲೆ, ಆಮೇಲೆ ಚಿತ್ರಗಳು, ಕೊನೆಗೆ ಮುಖ್ಯ ಭಾವ. ಪರೀಕ್ಷೆಗೆ ಅದು ಒಳ್ಳೆಯ ಕ್ರಮ, ಅದರಿಂದ ಮಕ್ಕಳು ಜಾಗ್ರತೆಯಿಂದ ಓದುವುದನ್ನೂ ಕಲಿಯುತ್ತಾರೆ ಅಂದರು. ಅದನ್ನು ಬೈಯುವ ಮನಸ್ಸು ನನಗೂ ಇಲ್ಲ. ಕರ್ನಾಟಕದಲ್ಲಿ ನಾನು ಓದಿದ್ದೂ ಹೀಗೇ, ‘ಕವಿ-ಕಾವ್ಯ ಪರಿಚಯ’ದಿಂದಲೇ. ಆದರೆ ಎರಡು ಸಾಲಿನ ಕವಿತೆಗೆ ಒಂದು ಪುಟದ ಹಿನ್ನೆಲೆ ಮೊದಲೇ ಬಂದರೆ ಕವಿತೆ ಆ ಪುಟದ ಕೊನೆಯ ವಾಕ್ಯವಾಗಿಬಿಡುತ್ತದೆ. ಕ್ರಮವನ್ನು ತಿರುಗಿಸಿ ನೋಡೋಣ ಅಂತ ಇಬ್ಬರೂ ಒಪ್ಪಿದೆವು. ಗು ಚೆಂಗ್‌ನನ್ನು ಬದಿಗಿಟ್ಟು, ಯಾರ ಹತ್ತಿರವೂ ಸಿದ್ಧ ಉತ್ತರ ಇಲ್ಲದ ಕವಿತೆಯಿಂದ ಶುರು ಮಾಡಬೇಕು.

ಯಾವ ಕವಿತೆ ಅನ್ನುವುದಕ್ಕೆ ಸ್ವಲ್ಪ ಚರ್ಚೆ ಆಯಿತು. ಹು ಷಿ ಬರೆದ ಎರಡು ಹಳದಿ ಚಿಟ್ಟೆಗಳ ಪದ್ಯ ಚರಿತ್ರೆಗೆ ಮುಖ್ಯ. ಅದು 1917ರಲ್ಲಿ ‘ಹೊಸ ಯುವಜನ’ ಪತ್ರಿಕೆಯಲ್ಲಿ ಬಂತು. ಹಳೇ ಶಾಸ್ತ್ರೀಯ ಭಾಷೆ ಬಿಟ್ಟು ಆಡುಮಾತಿನಲ್ಲಿ ಬರೆಯುವ ಪ್ರಯೋಗದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಆದರೆ ಒಂಬತ್ತನೆಯವರಿಗೆ ಅದು ಎಳೆಯರ ಪದ್ಯ ಅನ್ನಿಸುತ್ತದೆ. ಬಿಂಗ್ ಷಿನ್ ಅವರ ಪುಟ್ಟ ಪದ್ಯಗಳ ಸಂಕಲನಗಳಾದ ‘ನಕ್ಷತ್ರರಾಶಿ’ ಮತ್ತು ‘ವಸಂತದ ನೀರು’ ಎರಡೂ 1923ರಲ್ಲಿ ಬಂದವು. ಇವತ್ತಿಗೂ ಚೀನಾದ ಶಾಲಾ ಮಕ್ಕಳು ಅವನ್ನು ಓದುತ್ತಾರೆ. ಟಾಗೋರರ ಪುಟ್ಟ ಪದ್ಯಗಳನ್ನು ಚೀನೀ ಅನುವಾದದಲ್ಲಿ ಓದಿದ ಮೇಲೆ ಆಕೆ ಹೀಗೆ ಬರೆಯಲು ಶುರು ಮಾಡಿದರು. ಇದನ್ನು ಹೇಳಿದಾಗ ನಮ್ಮ ಭಾರತದ ಮಕ್ಕಳ ಮುಖ ಅರಳಿತು. ಆದರೂ ಅವನ್ನು ಮೊದಲಿಗೆ ಇಡಲಿಲ್ಲ. ಆಕೆಯ ಎಷ್ಟೋ ಪದ್ಯಗಳು ಹೇಳಬೇಕಾದದ್ದನ್ನು ತಾವೇ ಹೇಳಿಬಿಡುತ್ತವೆ. ಓದುವವರಿಗೆ ಮಾಡಲು ಕೆಲಸ ಉಳಿಯುವುದಿಲ್ಲ.

ಕೊನೆಗೆ ಆರಿಸಿದ್ದು ಬಿಯಾನ್ ಝಿಲಿನ್ 1935ರಲ್ಲಿ ಬರೆದ ‘ದುವಾನ್‌ಝಾಂಗ್’. ‘ತುಣುಕು’ ಅನ್ನಬಹುದು.

ಸೇತುವೆ, ಮಹಡಿ, ಕಿಟಕಿ

ಆ ಕವಿತೆಯಲ್ಲಿ ಇರುವುದು ಇಷ್ಟು. ನೀನು ಸೇತುವೆ ಮೇಲೆ ನಿಂತು ಸುತ್ತಲಿನ ನೋಟ ನೋಡುತ್ತಿದ್ದೀಯ. ನೋಟ ನೋಡುವ ಇನ್ನೊಬ್ಬರು ಮಹಡಿಯಿಂದ ನಿನ್ನನ್ನು ನೋಡುತ್ತಿದ್ದಾರೆ. ಚಂದ್ರ ನಿನ್ನ ಕಿಟಕಿಗೆ ಅಲಂಕಾರ. ನೀನು ಬೇರೆಯವರ ಕನಸಿಗೆ ಅಲಂಕಾರ. ನಾಲ್ಕು ಸಾಲು ಮುಗಿಯಿತು.

ಲಾವೋಶಿ ಒಂದು ಹಾಳೆ ತಯಾರು ಮಾಡಿದರು. ಮೇಲೆ ಚೀನೀ ಅಕ್ಷರ, ಕೆಳಗೆ ಪಿನ್‌ಯಿನ್ (ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಚೀನೀ ಉಚ್ಚಾರಣೆ), ಅದರ ಕೆಳಗೆ ಪದಕ್ಕೆ ಪದ ಇಂಗ್ಲಿಷ್. ನಯವಾದ ಅನುವಾದ ಬೇಕೆಂದೇ ಕೊಡಲಿಲ್ಲ. ನಯವಾದ ಅನುವಾದದಲ್ಲಿ ಅನುವಾದಕರು ಆಗಲೇ ಹಲವು ತೀರ್ಮಾನ ಮಾಡಿರುತ್ತಾರೆ. ಒರಟು ಹಾಳೆಯಲ್ಲಿ ಆ ತೀರ್ಮಾನ ಮಕ್ಕಳಿಗೇ ಉಳಿಯುತ್ತದೆ. ಕವಿಯ ಹೆಸರು, ಇಸವಿ ಯಾವುದೂ ಅದರಲ್ಲಿ ಇರಲಿಲ್ಲ. ಫೋನ್ ಬ್ಯಾಗಿನಲ್ಲೇ ಇರಬೇಕು ಅಂದೆವು. ಇನ್ನೊಂದು ಕರಾರು: "ಇದರ ಅರ್ಥ" ಅನ್ನುವ ಮಾತು ಸದ್ಯಕ್ಕೆ ಬೇಡ. ಯಾರು ಎಲ್ಲಿ ನಿಂತಿದ್ದಾರೆ, ಅವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಮಾತ್ರ ಹೇಳಬೇಕು.

ನಮ್ಮ ಶಾಲೆಯಲ್ಲಿ ಎರಡು ಕಟ್ಟಡಗಳನ್ನು ಸೇರಿಸುವ ಕಾಲುಸೇತುವೆ ಇದೆ. ಮೇಲಿನ ಮಹಡಿಯ ಕಿಟಕಿಗಳಿಂದ ಅದು ಚೆನ್ನಾಗಿ ಕಾಣುತ್ತದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಒಬ್ಬ ಹುಡುಗಿ ಸೇತುವೆ ಮೇಲೆ, ಒಬ್ಬ ಹುಡುಗ ಮೇಲಿನ ಕಿಟಕಿಯಲ್ಲಿ. ಉಳಿದವರು ಹಾಳೆ ಹಿಡಿದು ಹುಲ್ಲಿನ ಮೇಲೆ.

ಹುಡುಗಿ ಸ್ವಲ್ಪ ಹೊತ್ತು ಕಂಬಿ ಹಿಡಿದು ನಿಂತಳು. ಆಮೇಲೆ ತಿರುಗಿ ಕಿಟಕಿಯ ಕಡೆ ನೋಡಿದಳು. ಕೆಳಗಿದ್ದವರು ಕೂಗಿದರು, "ನೋಡಬಾರದು! ಕವಿತೆಯಲ್ಲಿ ಅವಳು ನೋಡುವುದಿಲ್ಲ!" ಅವಳು ಅಲ್ಲಿಂದಲೇ ಕೇಳಿದಳು, "ನೋಡುವುದಿಲ್ಲ ಅಂತ ಎಲ್ಲಿ ಬರೆದಿದೆ?" ಎಲ್ಲರೂ ಹಾಳೆ ನೋಡಿದರು. ಎಲ್ಲೂ ಬರೆದಿರಲಿಲ್ಲ. ಸೇತುವೆ ಮೇಲಿನವರಿಗೆ ತಮ್ಮನ್ನು ಯಾರೋ ನೋಡುತ್ತಿರುವುದು ಗೊತ್ತಿದೆಯೋ ಇಲ್ಲವೋ, ಕವಿತೆ ಹೇಳುವುದೇ ಇಲ್ಲ. ಗೊತ್ತಿಲ್ಲ ಅಂತ ನಾವೆಲ್ಲ ಸುಮ್ನೆ ಅಂದುಕೊಂಡಿದ್ದೆವು. ಗೊತ್ತಿದ್ದೂ ನೋಟವನ್ನೇ ನೋಡುತ್ತಾ ನಿಂತಿದ್ದರೆ? ಆಗ ಅದು ಬೇರೆಯೇ ಕವಿತೆ.

ಇಲ್ಲಿಂದ ಪಾಠ ತಾನಾಗಿ ನಡೆಯಿತು. ಮೂರನೇ ಸಾಲಿಗೆ ಬಂದಾಗ ಚಂದ್ರನನ್ನು ಎಲ್ಲಿಡಬೇಕು ಅಂತ ಜಗಳ. ಕೊರಿಯಾದ ಹುಡುಗಿಯೊಬ್ಬಳು ಹೇಳಿದಳು, "ಸೇತುವೆಯಿಂದ ನೋಟ ನೋಡುವಾಗ ಹಗಲು. ಚಂದ್ರ ಬಂದಾಗ ರಾತ್ರಿ. ಕಿಟಕಿ ಇದೆ ಅಂದರೆ ‘ನೀನು’ ಮನೆಗೆ ಹೋಗಿಯಾಗಿದೆ." ಎರಡನೇ ಸಾಲಿಗೂ ಮೂರನೇ ಸಾಲಿಗೂ ನಡುವೆ ಹೊತ್ತು ಮುಳುಗಿದೆ, ಒಬ್ಬರು ಮನೆ ಸೇರಿದ್ದಾರೆ. ಇವು ಯಾವುವೂ ಅಕ್ಷರದಲ್ಲಿ ಇಲ್ಲ. ಖಾಲಿ ಜಾಗದಲ್ಲಿ ನಡೆದುಹೋಗಿವೆ. ಸಣ್ಣ ಕವಿತೆ ಯಾಕೆ ಸಣ್ಣದು ಅನ್ನುವುದನ್ನು ನಾನು ಎಷ್ಟು ವಿವರಿಸಿದ್ದರೂ ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಆಮೇಲೆ ಕನಸಿನ ಪ್ರಶ್ನೆ. ಕನಸು ಕಾಣುವವರು ಯಾರು? ಮಹಡಿಯಲ್ಲಿ ನಿಂತವರೇ ಅಂತ ಚೀನೀ ಬಲ್ಲ ಮಕ್ಕಳೆಲ್ಲ ಖಚಿತವಾಗಿ ಹೇಳಿದರು. ಜರ್ಮನಿಯ ಹುಡುಗನೊಬ್ಬ ಹಾಳೆಯ ಮೇಲೆ ಬೆರಳಿಟ್ಟು, "ಇಲ್ಲಿ ‘ಬೇರೆಯವರು’ ಅಂತ ಮಾತ್ರ ಇದೆ. ಮೂರನೆಯವರೂ ಆಗಬಹುದು" ಅಂದ. ಲಾವೋಶಿ ಮೂಲ ನೋಡಿ ತಲೆಯಾಡಿಸಿದರು. ಭಾಷೆ ಬಲ್ಲವರು ಅವಸರದಲ್ಲಿ ದಾಟಿಹೋದದ್ದನ್ನು ಭಾಷೆ ಬಾರದವನು ನಿಧಾನದಲ್ಲಿ ಹಿಡಿದಿದ್ದ. ಆ ಹೊತ್ತಿನಿಂದ ಕ್ಲಾಸಿನ ಎರಡು ಗುಂಪು ಒಂದಾಯಿತು. ಚೀನೀ ಬಾರದವರು "ಈ ಅಕ್ಷರಕ್ಕೆ ಬೇರೆ ಅರ್ಥ ಇದೆಯಾ?" ಅಂತ ಕೇಳುವುದು, ಬಲ್ಲವರು ಯೋಚಿಸಿ ಹೇಳುವುದು, ಎರಡೂ ಶುರುವಾದವು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ಫಲ ಇಲ್ಲ.

ಅಷ್ಟರಲ್ಲಿ ಇನ್ನೊಂದು ಮಹಡಿಯ ಕಿಟಕಿಯಲ್ಲಿ ಆರನೇ ಕ್ಲಾಸಿನ ಪುಟಾಣಿಗಳು ಸಾಲಾಗಿ ನಿಂತು ನಮ್ಮನ್ನು ನೋಡುತ್ತಿದ್ದರು. ಅದನ್ನು ಮೊದಲು ಗಮನಿಸಿದ್ದೂ ಮಕ್ಕಳೇ.

ಕವಿ ಹೇಳಿದ್ದು, ವಿಮರ್ಶಕ ಒಪ್ಪದ್ದು

ಮುಂದಿನ ಕ್ಲಾಸಿನಲ್ಲಿ ಹಿನ್ನೆಲೆ ಕೊಟ್ಟೆವು. ಬಿಯಾನ್ ಝಿಲಿನ್ ಹುಟ್ಟಿದ್ದು 1910ರಲ್ಲಿ, ತೀರಿಕೊಂಡದ್ದು 2000ದಲ್ಲಿ. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದಿದವರು. ಕೆಲಕಾಲ ಹೈಸ್ಕೂಲಿನಲ್ಲಿ ಪಾಠವನ್ನೂ ಮಾಡಿದ್ದರು. ಈ ನಾಲ್ಕು ಸಾಲು ಮೊದಲು ಒಂದು ಉದ್ದ ಕವಿತೆಯ ಭಾಗವಾಗಿತ್ತಂತೆ. ಅವರಿಗೆ ತೃಪ್ತಿ ಕೊಟ್ಟದ್ದು ಇಷ್ಟೇ ಸಾಲು, ಅದಕ್ಕೇ ಉಳಿದದ್ದನ್ನು ಬಿಟ್ಟು ತುಣುಕು ಅಂತ ಹೆಸರಿಟ್ಟರು. ಬಿಟ್ಟ ಸಾಲುಗಳಲ್ಲಿ ಏನಿತ್ತು ಅಂತ ಮಕ್ಕಳಿಗೆ ಭಾರಿ ಕುತೂಹಲ. ಕೆಲವರು ತಾವೇ ಬರೆದುಕೊಂಡೂ ಬಂದರು. ಲಾವೋಶಿಗೆ ಅದು ಹಿಡಿಸಲಿಲ್ಲ. ಕವಿ ಬೇಡ ಅಂದದ್ದನ್ನು ನಾವು ಯಾಕೆ ತುಂಬಬೇಕು ಅನ್ನುವುದು ಅವರ ವಾದ.

ಮಕ್ಕಳನ್ನು ನಿಜಕ್ಕೂ ಕೆಣಕಿದ್ದು 1930ರ ದಶಕದ ಒಂದು ಹಳೇ ಜಗಳ. ಲಿಯು ಷಿವೇ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವಿಮರ್ಶಕ ಲಿ ಜಿಯಾನ್‌ವು ಈ ಕವಿತೆಯಲ್ಲಿ ಆಳವಾದ ದುಃಖ ಕಂಡರು. ನಾವೆಲ್ಲ ಇನ್ನೊಬ್ಬರಿಗೆ ಬರೇ ಅಲಂಕಾರ, ಬದುಕೇ ಅಷ್ಟು ಅನ್ನುವ ಅರ್ಥದಲ್ಲಿ. ಕವಿ ಅದನ್ನು ಒಪ್ಪಲಿಲ್ಲ. ತನ್ನ ಒತ್ತು ಅಲಂಕಾರದ ಮೇಲೆ ಅಲ್ಲ, ಒಂದಕ್ಕೊಂದು ಸಾಪೇಕ್ಷವಾಗಿರುವುದರ ಮೇಲೆ ಅಂತ ಉತ್ತರ ಬರೆದರು. ನೋಡುವವರೇ ನೋಟವಾಗುತ್ತಾರೆ, ಪಡೆಯುವವರೇ ಕೊಡುವವರಾಗುತ್ತಾರೆ, ಅಷ್ಟೇ. ಇಲ್ಲಿಗೆ ಮುಗಿಯಿತು ಅನ್ನಬೇಕು. ಆದರೆ ವಿಮರ್ಶಕ ಸುಮ್ಮನಾಗಲಿಲ್ಲ. ಕವಿಯ ವಿವರಣೆ ಇದ್ದರೂ ನನ್ನ ಓದು ಅದರಿಂದ ಸುಳ್ಳಾಗುವುದಿಲ್ಲ, ಎರಡೂ ಇರಬಹುದು ಎನ್ನುವ ನಿಲುವು ಅವರದು.

"ಬರೆದವರೇ ಹೇಳಿದ ಮೇಲೂ ಒಪ್ಪದೇ ಇರಬಹುದಾ?" ಮೊದಲ ದಿನ ‘ಭರವಸೆ’ ಅಂದ ಅದೇ ಹುಡುಗನ ಪ್ರಶ್ನೆ. ಅವನಿಗೆ ಇದು ಅನ್ಯಾಯ ಅನ್ನಿಸಿತ್ತು. ಕ್ಲಾಸನ್ನು ಎರಡು ಪಕ್ಷ ಮಾಡಿದೆವು. ಕವಿಯ ಪಕ್ಷದವರು ಮೊದಲೆರಡು ಸಾಲು ಹಿಡಿದರು. ಅಲ್ಲಿ ನೋಡುವವರು, ನೋಟವಾಗುವವರು ಸಮಸಮ, ದುಃಖ ಎಲ್ಲಿದೆ ಅಂತ. ವಿಮರ್ಶಕನ ಪಕ್ಷದವರು ಕೊನೆಯ ಸಾಲು ಹಿಡಿದರು. ಚಂದ್ರ ಕಿಟಕಿಗೆ ಬಂದರೆ ನಿನಗೆ ಕಾಣುತ್ತದೆ. ಆದರೆ ನೀನು ಯಾರ ಕನಸಿನಲ್ಲಿದ್ದೀಯ ಅನ್ನುವುದು ನಿನಗೆ ಎಂದೂ ಗೊತ್ತಾಗುವುದಿಲ್ಲ. ಅಲ್ಲಿ ಸಮ ಎಲ್ಲಿದೆ? ಇದು ಹದಿನಾಲ್ಕು ವರ್ಷದ ಹುಡುಗಿಯ ವಾದ. ನಾನು ಬೋರ್ಡಿನ ಮೇಲೆ ಬರೆದುಕೊಂಡೆ.

ಕೊನೆಗೆ ಬರಬೇಕಾದ ಪ್ರಶ್ನೆ ಬಂತು. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು? ನಾವು ಹೇಳಿದ್ದು: ಯಾವುದಾದರೂ ಸರಿ, ಆದರೆ ಯಾವ ಸಾಲು ನಿಮ್ಮ ಬಾಯಿಂದ ಅದನ್ನು ಹೇಳಿಸಿತು ಅನ್ನುವುದನ್ನು ತೋರಿಸಬೇಕು. ತೋರಿಸಲು ಆಗದಿದ್ದರೆ ಕವಿಯೇ ಹೇಳಿದ ಅರ್ಥ ಬರೆದರೂ ಮಾರ್ಕ್ಸ್ ಇಲ್ಲ.

ಮತ್ತೆ ಆ ಎರಡು ಸಾಲು

ಇಷ್ಟಾದ ಮೇಲೆ ಗು ಚೆಂಗ್‌ಗೆ ಮರಳಿದೆವು. ಈ ಸಲ ಮಕ್ಕಳೇ ಹಾಳೆಯ ಮೇಲೆ ಗೆರೆ ಎಳೆದು ಕೂತರು. ಹೆಸರು ‘ಒಂದು ಪೀಳಿಗೆ’, ಒಳಗೆ ಮಾತ್ರ ‘ನಾನು’. ಹೆಸರು ಹೇಳದೆ ಇದ್ದಿದ್ದರೆ ಇದು ಒಬ್ಬನ ಕವಿತೆ, ಹೆಸರಿನಿಂದ ಎಲ್ಲರ ಕವಿತೆಯಾಯಿತು ಅಂತ ಒಬ್ಬಳು ಗುರುತಿಸಿದಳು. ಕಣ್ಣು ಕತ್ತಲೆಯದ್ದೇ ಬಣ್ಣ ಹೊತ್ತಿದೆ, ಬೆಳಕು ಸಿಕ್ಕಿತು ಅಂತ ಕವಿತೆ ಎಲ್ಲೂ ಹೇಳುವುದಿಲ್ಲ, ಹುಡುಕುತ್ತಿದ್ದೇನೆ ಅಂತ ಅಷ್ಟೇ ಹೇಳುತ್ತದೆ ಅಂತ ಇನ್ನೊಬ್ಬ. ‘ಭರವಸೆ’ ಅನ್ನುವ ಮೊದಲ ದಿನದ ಪದವನ್ನು ಅದೇ ಹುಡುಗ ಹೊಡೆದುಹಾಕಿ ‘ಹಟ’ ಅಂತ ಬರೆದ.

ಚರಿತ್ರೆಯ ಪುಟ ಕೊಟ್ಟದ್ದು ಇದಾದ ಮೇಲೆ. ಆ ಹತ್ತು ವರ್ಷ, ಊರಿನಿಂದ ಹಳ್ಳಿಗಳಿಗೆ ಕಳಿಸಿದ ಲಕ್ಷಾಂತರ ಹುಡುಗ ಹುಡುಗಿಯರು, 1978ರ ಡಿಸೆಂಬರಿನಲ್ಲಿ ಬೇ ದಾವ್ ಮತ್ತು ಮಾಂಗ್ ಕೆ ಎಂಬ ಕವಿಗಳು ಬೀಜಿಂಗ್‌ನಲ್ಲಿ ಶುರು ಮಾಡಿದ ‘ಇವತ್ತು’ ಎನ್ನುವ ಪತ್ರಿಕೆ, ಅರ್ಥವಾಗದ ‘ಮಂಜು ಮುಸುಕಿದ’ ಕವಿತೆ ಅಂತ ಇವರನ್ನು ಬೈದವರು. ಬೈಗುಳವೇ ಮುಂದೆ ಆ ಕವಿಗಳ ಹೆಸರಾಯಿತು. ಮನೆಯ ಹಿರಿಯರಿಗೆ ಇಷ್ಟವಿದ್ದರೆ ಮಾತ್ರ ಆ ಕಾಲದ ಬಗ್ಗೆ ಕೇಳಿ, ಬೇಡ ಅಂದರೆ ಒತ್ತಾಯ ಬೇಡ ಅಂತ ಹೇಳಿದ್ದೆವು. ಒಬ್ಬ ಹುಡುಗಿಯ ಅಜ್ಜಿಯನ್ನು ಆಗ ಶಾಂಘೈನಿಂದ ಹೆಯ್‌ಲೋಂಗ್‌ಜಿಯಾಂಗ್‌ಗೆ ಕಳಿಸಿದ್ದರಂತೆ. ದೇಶದ ತುತ್ತತುದಿಯ ಚಳಿ ಪ್ರಾಂತ್ಯ ಅದು. ಅಜ್ಜಿ ಹೆಚ್ಚು ಹೇಳಲಿಲ್ಲ. ಈ ಕವಿತೆಯನ್ನು ತಾನು ಓದಿದ್ದು ಊರಿಗೆ ವಾಪಸ್ ಬಂದ ಎಷ್ಟೋ ವರ್ಷಗಳ ಮೇಲೆ, ಓದಿದಾಗ ಮೊದಲು ಬಂದದ್ದು ಸಿಟ್ಟು ಅಂದರಂತೆ. ಹತ್ತು ವರ್ಷವನ್ನು ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟನಲ್ಲ ಅಂತ. ಕ್ಲಾಸಿನಲ್ಲಿ ಯಾರೂ ಹೀಗೆ ಓದಿರಲಿಲ್ಲ. ಲಾವೋಶಿಯೂ ನಾನೂ ಕೂಡ.

ಗು ಚೆಂಗ್ ಕಲಿಸುವವರು ಇನ್ನೊಂದು ವಿಷಯಕ್ಕೆ ತಯಾರಿರಬೇಕು. ಅವನ ಹೆಸರು ಹುಡುಕಿದರೆ ಮೊದಲು ಸಿಗುವುದೇ ಅದು. 1993ರಲ್ಲಿ ನ್ಯೂಜಿಲೆಂಡಿನ ವಾಯ್‌ಹೆಕೆ ದ್ವೀಪದಲ್ಲಿ ಅವನು ಹೆಂಡತಿ ಷಿಯೆ ಯೆಯನ್ನು ಕೊಂದು ತಾನೂ ಪ್ರಾಣ ಕಳೆದುಕೊಂಡ. ಮುಚ್ಚಿಟ್ಟರೆ ಮಕ್ಕಳು ಫೋನಿನಲ್ಲಿ ಒಬ್ಬೊಬ್ಬರೇ ಓದುತ್ತಾರೆ. ಅದಕ್ಕೇ ಶಾಲೆಯ ಕೌನ್ಸೆಲರ್‌ಗೆ ಮೊದಲೇ ತಿಳಿಸಿ, ಚಿಕ್ಕದಾಗಿ, ನೇರವಾಗಿ ನಾವೇ ಹೇಳಿದೆವು. ಷಿಯೆ ಯೆ ಕೂಡ ಬರೆಯುತ್ತಿದ್ದವಳು ಅನ್ನುವುದನ್ನು ಸೇರಿಸಿ ಹೇಳಿದೆವು. ಹಾಗಾದರೆ ಇವನನ್ನು ಯಾಕೆ ಓದಬೇಕು ಅಂತ ಇಬ್ಬರು ಕೇಳಿದರು. ಓದಲು ಮನಸ್ಸಿಲ್ಲದವರು ಬಿಯಾನ್ ಝಿಲಿನ್ ಬಗ್ಗೆ ಬರೆಯಬಹುದು ಅಂತ ಬಿಟ್ಟೆವು. ಕೆಲವರು ಹಾಗೇ ಮಾಡಿದರು. 1993ರ ಘೋರವನ್ನು 1979ರ ಎರಡು ಸಾಲಿನಿಂದ ವಿವರಿಸಲು ಆಗುವುದಿಲ್ಲ. ಆ ಸಾಲು ಚೆನ್ನಾಗಿದೆ ಅಂತ ಘೋರ ಕಡಿಮೆಯೂ ಆಗುವುದಿಲ್ಲ. ಇಷ್ಟನ್ನು ಒಂಬತ್ತನೆಯವರು ಅರ್ಥ ಮಾಡಿಕೊಳ್ಳುತ್ತಾರೆ. ಅವರನ್ನು ಎಳೆಯರು ಅಂದುಕೊಳ್ಳುವುದು ಬೇಡ.

ಹಿನ್ನೆಲೆ ಬೇಕೇಬೇಕಾದ ಇನ್ನೊಂದು ಕಡೆ ಬೇ ದಾವ್‌ನ ‘ಬದುಕು’. ಇಡೀ ಕವಿತೆ ಒಂದೇ ಪದ: ಬಲೆ. ಬಲೆ ಅಂದರೆ ‘ನೆಟ್’ ಅಲ್ವಾ, ಮಕ್ಕಳೆಲ್ಲ ಇಂಟರ್‌ನೆಟ್ ಅಂದುಕೊಂಡರು. ಕವಿತೆ 1970ರ ದಶಕದ್ದು, ಚೀನಾಕ್ಕೆ ಇಂಟರ್‌ನೆಟ್ ಬಂದದ್ದು 1994ರಲ್ಲಿ. ಇಂಥ ಕಡೆ ಇಸವಿ ಹೇಳಲೇಬೇಕು. ತಾವೂ ಒಂದು ಪದದ ಕವಿತೆ ಬರೆದರು. ಹೆಚ್ಚಿನವು ತಮಾಷೆ. ಒಂದು ಮಾತ್ರ ನಿಂತಿತು. ಹೆಸರು ‘ಮನೆ’, ಕವಿತೆ ‘ವೀಸಾ’.

ಎಲ್ಲ ಚೆನ್ನಾಗೇ ಆಯಿತು ಅನ್ನಲಾರೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಒಬ್ಬ ತಂದೆ ನಾಲ್ಕು ಸಾಲಿಗೆ ಇಷ್ಟು ಪಿರಿಯಡ್ ಯಾಕೆ ಅಂತ ಕೇಳಿದರು. ಮಗನ ಉತ್ತರಪತ್ರಿಕೆ ತೋರಿಸಿದೆವು. ಮೊದಲ ವಾರದ್ದು ಮೂರು ವಾಕ್ಯ, ಕೊನೆಯದ್ದು ಎರಡು ಪುಟ, ಪ್ರತಿ ಮಾತಿಗೂ ಕವಿತೆಯಿಂದ ಆಧಾರ. ಅವರು ಓದಿ ನೋಡಿದರು, ಪೂರ್ತಿ ಒಪ್ಪಲಿಲ್ಲ. ಗುಂಪಿನಲ್ಲಿ ಮಾತಾಡಲು ಹಿಂಜರಿಯುವ ಕೆಲವು ಮಕ್ಕಳಿಗೆ ಸೇತುವೆಯ ಆಟ ಹಿಂಸೆಯೇ ಆಯಿತು. ಅವರಿಗೆ ನಕ್ಷೆ ಬರೆಯುವ ಕೆಲಸ ಕೊಟ್ಟಾಗ ಅರಳಿದರು. ಮುಂದೆ ಎರಡನ್ನೂ ಮೊದಲಿನಿಂದಲೇ ಇಡುತ್ತೇವೆ.

ಬಾಯಿಪಾಠದ ವಿಷಯದಲ್ಲಿ ಲಾವೋಶಿ ಹಟ ಹಿಡಿದಿದ್ದರು. ಎಲ್ಲರೂ ‘ದುವಾನ್‌ಝಾಂಗ್’ ಅನ್ನು ಚೀನೀಯಲ್ಲೇ ಬಾಯಿಪಾಠ ಮಾಡಬೇಕು, ಭಾಷೆ ಬಾರದವರೂ ಪಿನ್‌ಯಿನ್ ನೋಡಿ ಕಲಿಯಬೇಕು ಅಂತ. ನನಗೆ ಅಷ್ಟು ನಂಬಿಕೆ ಇರಲಿಲ್ಲ. ಆದರೆ ಚರ್ಚೆಯ ದಿನ ಹಾಳೆ ನೋಡದೆ, ಕಣ್ಣೆತ್ತಿ ವಾದ ಮಾಡಿದವರು ಬಾಯಿಪಾಠ ಮಾಡಿದ್ದವರೇ. ನಾಲ್ಕು ಸಾಲೂ ಒಟ್ಟಿಗೆ ತಲೆಯಲ್ಲಿದ್ದರೆ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಲು ಆಗುತ್ತದೆ. ಉದ್ದ ಕವಿತೆಯಲ್ಲಿ ಈ ಅನುಕೂಲ ಇಲ್ಲ.

ಮುಂದಿನ ವರ್ಷಕ್ಕೆ ತೈವಾನಿನ ಕವಿ ಯು ಗುವಾಂಗ್‌ಝೊಂಗ್ 1972ರಲ್ಲಿ ಬರೆದ ‘ತವರಿನ ಹಂಬಲ’ವನ್ನೂ ಸೇರಿಸಬೇಕು ಅಂದುಕೊಂಡಿದ್ದೇವೆ. ಅಂಚೆಚೀಟಿ, ಹಡಗಿನ ಟಿಕೆಟ್, ಅಮ್ಮನ ಸಮಾಧಿ, ಕೊನೆಗೆ ಚೀನಾವನ್ನೂ ತೈವಾನನ್ನೂ ಬೇರೆ ಮಾಡುವ ಜಲಸಂಧಿ, ಹೀಗೆ ನಾಲ್ಕು ಹೆಜ್ಜೆಯಲ್ಲಿ ಹಬ್ಬುವ ಕವಿತೆ ಅದು. ಚೀನಾದ ಒಂಬತ್ತನೇ ಕ್ಲಾಸಿನ ಪಠ್ಯದಲ್ಲೂ ಇದೆ. ಅದರ ಅಚ್ಚಿನಲ್ಲಿ ಮಕ್ಕಳು ಸಲೀಸಾಗಿ ನಕಲು ಬರೆದುಬಿಡುತ್ತಾರೆ ಅನ್ನುವುದು ನನ್ನ ಅಳುಕು. ತೈವಾನಿನಿಂದ ಬಂದ ಮಕ್ಕಳೂ ಕ್ಲಾಸಿನಲ್ಲಿರುವಾಗ ಕೊನೆಯ ಭಾಗವನ್ನು ಹೇಗೆ ಮಾತಾಡುವುದು ಅನ್ನುವುದು ಲಾವೋಶಿಯ ಯೋಚನೆ. ಹಿನ್ನೆಲೆಯ ಪುಟವನ್ನು ಯಾವ ಕ್ಲಾಸಿನಲ್ಲಿ ಕೊಡಬೇಕು ಅನ್ನುವುದರಲ್ಲಿ ಇಬ್ಬರಿಗೂ ಇನ್ನೂ ಒಮ್ಮತ ಇಲ್ಲ. ಪದಕ್ಕೆ ಪದದ ಹಾಳೆಯನ್ನು ಮಾತ್ರ ಅವರು ಆಗಲೇ ಶುರು ಮಾಡಿದ್ದಾರೆ.